ಉದುರದ ಎಲೆ

ನಮ್ಮ ಮಲೆನಾಡಿನ ಮನೆಗಳಲ್ಲಿ ಕೆಲವು ಮಾತುಗಳನ್ನು ಆಡಬಾರದು. ಡಬ್ಬದಲ್ಲಿ ಅಕ್ಕಿ ಖಾಲಿಯಾದರೆ 'ಮುಗಿಯಿತು' ಎನ್ನುವಂತಿಲ್ಲ. 'ಅಕ್ಕಿ ಹೆಚ್ಚಿದೆ' ಎನ್ನಬೇಕು. ಕೈಬಳೆ ಒಡೆದರೆ 'ಬಳೆ ಹೆಚ್ಚಿತು'. ದೀಪವನ್ನು ಆರಿಸುವುದಿಲ್ಲ, 'ದೊಡ್ಡದು' ಮಾಡುತ್ತೇವೆ. ಕೊನೆಯಾಗುವುದನ್ನೆಲ್ಲ ಹೆಚ್ಚಳವೆಂದು ಕರೆಯುವ ಈ ರೂಢಿಯಲ್ಲೇ ನಾನು ಬೆಳೆದದ್ದು. ಆಮೇಲೆ ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದೆ. ಹಾಗಾಗಿ ನನಗೆ ಒಂದು ವಿಷಯ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಸಾವಿನ ಹೆಸರೆತ್ತಲು ಇಷ್ಟು ಹಿಂಜರಿಯುವ ನಮ್ಮ ಮೈಯೊಳಗೆ ದಿನವೊಂದಕ್ಕೆ ಸುಮಾರು ಐದರಿಂದ ಏಳು ಸಾವಿರ ಕೋಟಿ ಜೀವಕೋಶಗಳು ಸಾಯುತ್ತವೆ. ಇದು ರೋಗದಿಂದಲ್ಲ, ಗಾಯದಿಂದಲ್ಲ. ಆರೋಗ್ಯವಾಗಿರುವವರ ಮೈಯಲ್ಲಿ, ಚೆನ್ನಾಗಿ ಉಂಡು ಮಲಗಿದವರ ಮೈಯಲ್ಲಿ ನಡೆಯುವ ಸಾವು. ಅದೂ ತಾನಾಗಿ, ಸದ್ದಿಲ್ಲದೆ, ಒಂದು ಕ್ರಮಕ್ಕೆ ಒಳಪಟ್ಟು.

ಈ ಸಾವಿಗೆ ವಿಜ್ಞಾನಿಗಳು ಇಟ್ಟ ಹೆಸರು ಅಪಾಪ್ಟೋಸಿಸ್. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕ್ಯೂರಿ ಎಂಬ ಮೂವರು ಇದರ ಬಗ್ಗೆ ಬರೆದಾಗ, ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರೊಬ್ಬರು ಸೂಚಿಸಿದ ಪದವಂತೆ ಇದು. ಮರದಿಂದ ಎಲೆ, ಹೂವಿನಿಂದ ದಳ ಉದುರುವುದು ಎಂದು ಅರ್ಥ. ಲ್ಯಾಬಿನಲ್ಲಿ ಹುಟ್ಟಿದ ಪದಗಳು ಸಾಮಾನ್ಯವಾಗಿ ಬಾಯಿಗೆ ಕಲ್ಲು ಸಿಕ್ಕಿದಂತಿರುತ್ತವೆ. ಇದೊಂದು ಮಾತ್ರ ಕಾವ್ಯದಂತಿದೆ.

ಎಲೆ ಉದುರುವುದೆಂದರೆ ನಾವು ಸುಮ್ಮನೆ ಒಣಗಿ ಬೀಳುವುದು ಅಂದುಕೊಳ್ಳುತ್ತೇವೆ. ಹಾಗಲ್ಲ. ಕೊಟ್ಟಿಗೆಗೆಂದು ಕಡಿದು ತಂದ ಸೊಪ್ಪಿನ ಹೊರೆಯನ್ನು ನೀವು ನೋಡಿರಬಹುದು. ಹಸಿ ಕೊಂಬೆ ಕಡಿದರೆ ಅದರ ಎಲೆ ಒಣಗಿ ಗರಿಗರಿಯಾಗುತ್ತದೆಯೇ ಹೊರತು ಸುಲಭಕ್ಕೆ ಕಳಚಿ ಬೀಳುವುದಿಲ್ಲ. ಕೈಯಿಂದ ಉಜ್ಜಿ ಬಿಡಿಸಬೇಕು. ಯಾಕೆಂದರೆ ಉದುರಿಸುವ ಕೆಲಸಕ್ಕೆ ಜೀವ ಬೇಕು. ಮರ ಮೊದಲು ಎಲೆಯಲ್ಲಿರುವ ಸತ್ವವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ತೊಟ್ಟಿನ ಬುಡದಲ್ಲಿ ಒಂದು ಪದರವನ್ನು ಸಡಿಲಿಸುತ್ತದೆ, ಗಾಯವಾಗುವ ಜಾಗವನ್ನು ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಸತ್ತ ಕೊಂಬೆಗೆ ಇದು ಸಾಧ್ಯವಿಲ್ಲ.

ಜೀವಕೋಶದಲ್ಲೂ ಹಾಗೆಯೇ. ನಾವೆಲ್ಲ ತಾಯಿಯ ಹೊಟ್ಟೆಯಲ್ಲಿ ಎರಡನೆಯ ತಿಂಗಳಲ್ಲಿದ್ದಾಗ ನಮ್ಮ ಅಂಗೈ ಒಂದು ಸಟ್ಟುಗದ ಹಾಗಿತ್ತು. ಬೆರಳುಗಳ ನಡುವಿನ ಕೋಶಗಳು ಸತ್ತು ಜಾಗ ಬಿಟ್ಟಿದ್ದರಿಂದ ಬೆರಳುಗಳು ಬೇರೆ ಬೇರೆಯಾದವು. ಬಾತುಕೋಳಿಯಲ್ಲಿ ಆ ಕೋಶಗಳು ಉಳಿಯುತ್ತವೆ. ಅದಕ್ಕೇ ಅದರ ಕಾಲಿಗೆ ಜಾಲ. ಕಪ್ಪೆಯ ಮರಿಗೆ ಬಾಲ ಹೋಗುವುದೂ ಹೀಗೆಯೇ. ನಾನು ತರಗತಿಯಲ್ಲಿ ಇದನ್ನು ಹೇಳುವಾಗ ಹುಡುಗಿಯರು ತಮ್ಮ ಕೈಯನ್ನು ಒಮ್ಮೆ ಅಗಲಿಸಿ ನೋಡಿಕೊಳ್ಳುತ್ತಿದ್ದರು.

ಇಂಗ್ಲೆಂಡಿನಲ್ಲಿ ಜಾನ್ ಸಲ್ಸ್ಟನ್ ಎಂಬಾತ ಸೂಕ್ಷ್ಮದರ್ಶಕದ ಮುಂದೆ ಕೂತು, ಒಂದು ಮಿಲಿಮೀಟರ್ ಉದ್ದದ ಮಣ್ಣಿನ ಹುಳುವಿನ ಒಂದೊಂದು ಕೋಶವೂ ಎಲ್ಲಿ ಹುಟ್ಟಿತು, ಏನಾಯಿತು ಎಂದು ಲೆಕ್ಕವಿಟ್ಟ. ಭ್ರೂಣದ ಲೆಕ್ಕಕ್ಕೇ ಒಂದೂವರೆ ವರ್ಷ ಹಿಡಿಯಿತಂತೆ. ಆ ಹುಳುವಿನ ಮೈಯಲ್ಲಿ 1,090 ಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ ಸರಿಯಾಗಿ 131 ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಅದೇ 131, ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ಹಾಗಾದರೆ ಎಲ್ಲೋ ಬರೆದಿಟ್ಟಿರಬೇಕಲ್ಲ? 1986ರಲ್ಲಿ ಅಮೆರಿಕದಲ್ಲಿ ಹಿಲರಿ ಎಲ್ಲಿಸ್ ಎಂಬ ವಿದ್ಯಾರ್ಥಿನಿ ಮತ್ತು ಆಕೆಯ ಗುರು ರಾಬರ್ಟ್ ಹಾರ್ವಿಟ್ಸ್ ಆ ಬರಹದ ಎರಡು ಅಕ್ಷರಗಳನ್ನು ಹಿಡಿದರು: ಸಾವಿಗೆ ಬೇಕೇ ಬೇಕಾದ ಎರಡು ವಂಶವಾಹಿಗಳು, ಅಂದರೆ ಜೀನ್‌ಗಳು. ಅವು ಕೆಟ್ಟ ಹುಳುವಿನಲ್ಲಿ 131 ಕೋಶಗಳೂ ಬದುಕಿಬಿಟ್ಟವು. 2002ರಲ್ಲಿ ಹಾರ್ವಿಟ್ಸ್, ಸಲ್ಸ್ಟನ್ ಮತ್ತು ಸಿಡ್ನಿ ಬ್ರೆನರ್ ಅವರಿಗೆ ನೊಬೆಲ್ ಬಂತು. (ವಿದ್ಯಾರ್ಥಿನಿಯ ಹೆಸರು ಪಾಠದ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ.)

ಇಷ್ಟೂ ನನಗೆ ಪಾಠದ ವಿಷಯವಾಗಿತ್ತು. 2018ರಲ್ಲಿ ನನ್ನ ಸೋದರತ್ತೆಯ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದ ಮೇಲೆ ಪಾಠ ಮಾತ್ರವಾಗಿ ಉಳಿಯಲಿಲ್ಲ.

ಅತ್ತೆಗೆ ಆಗ ಅರವತ್ತೊಂಬತ್ತು. ಮಂಡಿನೋವಿಗೆಂದು ಹೋದವರಿಗೆ ಡಾಕ್ಟರು ರಕ್ತ ಬರೆದುಕೊಟ್ಟಿದ್ದರು. ನಾಲ್ಕರಿಂದ ಹನ್ನೊಂದು ಸಾವಿರ ಇರಬೇಕಾದ ಬಿಳಿ ರಕ್ತಕಣ ಎಂಬತ್ತಾರು ಸಾವಿರ ಇತ್ತು. ಮಂಗಳೂರಿಗೆ ಕರೆದುಕೊಂಡು ಹೋದೆವು. ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೀಮಿಯಾ, ಸಿ.ಎಲ್.ಎಲ್. ಎನ್ನುತ್ತಾರೆ. ಮನೆಯಲ್ಲಿ 'ಬ್ಲಡ್ ಕ್ಯಾನ್ಸರ್' ಎಂಬ ಎರಡು ಶಬ್ದ ಬಿದ್ದ ಕೂಡಲೇ ಅಳು ಶುರುವಾಯಿತು. ಸಿನಿಮಾಗಳು ನಮಗೆ ಕಲಿಸಿರುವುದು ಅಷ್ಟೆ: ನಾಯಕಿ ಕೆಮ್ಮಿ, ರಕ್ತ ಕಾರಿ, ಮೂರನೆಯ ರೀಲಿನಲ್ಲಿ ಹೋಗಿಬಿಡುತ್ತಾಳೆ. ಆದರೆ ಡಾಕ್ಟರು ಯಾವ ಔಷಧವನ್ನೂ ಕೊಡದೆ, "ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ" ಎಂದರು. ಈ ರೋಗದಲ್ಲಿ ತೊಂದರೆ ಕಾಣಿಸುವವರೆಗೆ ಸುಮ್ಮನೆ ಕಾಯುವುದೇ ರೀತಿ. ಬೇಗ ಶುರುಮಾಡಿದರೆ ಹೆಚ್ಚು ಕಾಲ ಬದುಕುತ್ತಾರೆಂದೇನೂ ಇಲ್ಲ. ಇದನ್ನು ನೆಂಟರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಶಕ್ತಿ ಹೋಯಿತು.

"ಅಲ್ಲ ಕಣೇ, ಇಷ್ಟೊಂದು ಯಾಕೆ ಹುಟ್ಟಿಕೊಂಡಿದ್ದು?" ಎಂದು ಅತ್ತೆ ಬಸ್ಸಿನಲ್ಲಿ ಕೇಳಿದರು.

"ಅತ್ತೆ, ಹುಟ್ಟಿದ್ದು ಅಷ್ಟೇನೂ ಹೆಚ್ಚಲ್ಲ. ಸಾಯಬೇಕಾದ್ದು ಸಾಯ್ತಾ ಇಲ್ಲ. ಅದಕ್ಕೇ ಹೆಚ್ಚಿದೆ."

ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ಹಾಗಾದ್ರೆ ನನ್ನ ರಕ್ತದಲ್ಲಿ ಅಶ್ವತ್ಥಾಮರು ತುಂಬಿದ್ದಾರೆ ಅನ್ನು" ಎಂದರು.

ಇದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಅಶ್ವತ್ಥಾಮನಿಗೆ ಸಾವಿಲ್ಲದಿರುವುದು ವರವಲ್ಲ, ಶಾಪ. ಮೈತುಂಬ ಹುಣ್ಣು ಹೊತ್ತು ಅಲೆಯುವ ಶಾಪ. ಹಳೆಯ ಲಿಂಫೋಸೈಟುಗಳೂ ಹಾಗೆಯೇ. ನೋಡಲು ಬಲಿತ ಕಣಗಳು, ಆದರೆ ಕೆಲಸಕ್ಕೆ ಬಾರದವು. ಸೋಂಕಿನೊಡನೆ ಹೋರಾಡುವುದಿಲ್ಲ, ಜಾಗ ಮಾತ್ರ ಹಿಡಿದುಕೊಳ್ಳುತ್ತವೆ. ಅತ್ತೆಗೆ ಎರಡು ವರ್ಷದಲ್ಲಿ ಎರಡು ಸಲ ಸರ್ಪಸುತ್ತು ಆಯಿತು. ಅಷ್ಟೊಂದು ಸೈನ್ಯವಿದ್ದೂ ಊರು ಕಾಯುವವರಿಲ್ಲ. ಒಳಗೆ ಹೊಸ ಕೋಶಗಳ ಹುಟ್ಟೂ ಸ್ವಲ್ಪ ಜೋರಾಗಿಯೇ ಇರುತ್ತದೆಂದು ಈಚೆಗೆ ಗೊತ್ತಾಗಿದೆಯಾದರೂ, ಈ ರೋಗದ ಗುಟ್ಟು ಮುಖ್ಯವಾಗಿ ಸಾಯದಿರುವುದರಲ್ಲೇ ಇದೆ.

ಆ ಗುಟ್ಟನ್ನು ಮೊದಲು ಬಿಚ್ಚಿದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ, 1988ರಲ್ಲಿ. ಬಿ.ಸಿ.ಎಲ್.-2 ಎಂಬ ಜೀನ್ ಒಂದು ಬಗೆಯ ಲಿಂಫೋಮಾದಲ್ಲಿ ತನ್ನ ಜಾಗ ಬಿಟ್ಟು ಬೇರೆ ವರ್ಣತಂತುವಿಗೆ ಹಾರಿ ಕೂತಿರುತ್ತದೆ ಎಂಬುದು ಕೆಲವು ವರ್ಷಗಳ ಹಿಂದೆಯೇ ತಿಳಿದಿತ್ತು. ಅಲ್ಲಿಯವರೆಗೆ ಎಲ್ಲರ ನಂಬಿಕೆ ಏನೆಂದರೆ, ಕ್ಯಾನ್ಸರಿನ ಜೀನ್ ಅಂದಮೇಲೆ ಅದು ಕೋಶಗಳನ್ನು ಬೇಗ ಬೇಗ ಇಮ್ಮಡಿಸುವಂಥದ್ದೇ ಆಗಿರಬೇಕು. ಡೇವಿಡ್ ವಾಕ್ಸ್, ಸುಸಾನ್ ಕೋರಿ, ಜೆರ್ರಿ ಆಡಮ್ಸ್ ಈ ಜೀನನ್ನು ರಕ್ತದ ಕೋಶಗಳಿಗೆ ಸೇರಿಸಿ, ಆಮೇಲೆ ಆ ಕೋಶಗಳ ಪೋಷಕ ದ್ರವ್ಯವನ್ನು ತೆಗೆದುಬಿಟ್ಟರು. ಸಾಮಾನ್ಯ ಕೋಶಗಳು ಸತ್ತವು. ಬಿ.ಸಿ.ಎಲ್.-2 ಇದ್ದವು ಸಾಯಲೂ ಇಲ್ಲ, ಇಮ್ಮಡಿಸಲೂ ಇಲ್ಲ. ಸುಮ್ಮನೆ ಇದ್ದವು. ಕ್ಯಾನ್ಸರಿಗೆ ಇಂಥ ದಾರಿಯೂ ಇದೆ ಎಂದು ಆಗ ಗೊತ್ತಾದದ್ದು.

ನಮ್ಮ ಬಹುತೇಕ ಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಎಂಬ ಚೀಲಗಳಿವೆ. ಕೋಶದ ಡಿ.ಎನ್.ಎ. ಕೆಟ್ಟಾಗ, ಪೋಷಣೆ ನಿಂತಾಗ, ವಯಸ್ಸು ಮುಗಿದಾಗ ಕೆಲವು ಪ್ರೋಟೀನುಗಳು ಆ ಚೀಲಕ್ಕೆ ತೂತು ಕೊರೆಯುತ್ತವೆ. ಒಳಗಿನದು ಹೊರಗೆ ಸೋರಿದೊಡನೆ ಕತ್ತರಿಯಂಥ ಕಿಣ್ವಗಳು ಎದ್ದು ಕೋಶವನ್ನು ಅಚ್ಚುಕಟ್ಟಾಗಿ ತುಂಡುಮಾಡುತ್ತವೆ. ಪಕ್ಕದವು ಆ ತುಂಡುಗಳನ್ನು ನುಂಗಿಕೊಳ್ಳುತ್ತವೆ. ಬಿ.ಸಿ.ಎಲ್.-2ರ ಕೆಲಸ ತೂತು ಕೊರೆಯುವವರ ಕೈ ಹಿಡಿದು ನಿಲ್ಲಿಸುವುದು. ಅದು ಬೇಕಾದದ್ದೇ, ಇಲ್ಲದಿದ್ದರೆ ಸಣ್ಣ ಕಾರಣಕ್ಕೂ ಕೋಶ ಸತ್ತುಬಿಟ್ಟೀತು. ಆದರೆ ಅದನ್ನೂ ಒಂದು ಅಳತೆಯಲ್ಲಿಡಲು ಹದಿಮೂರನೆಯ ವರ್ಣತಂತುವಿನಲ್ಲಿ ಎರಡು ಪುಟ್ಟ ಜೀನ್‌ಗಳಿವೆ. ಅತ್ತೆಯ ರೋಗದಂಥ ರೋಗವಿರುವ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ವರ್ಣತಂತುವಿನ ಆ ತುಣುಕು ಕೆಟ್ಟ ಕೋಶಗಳಿಂದ ಕಳೆದುಹೋಗಿರುತ್ತದೆ. ಅಳತೆ ನೋಡುವವರಿಲ್ಲದೆ ಬಿ.ಸಿ.ಎಲ್.-2 ಉಕ್ಕುತ್ತದೆ, ಒಲೆಯ ಮೇಲೆ ಹಾಲಿಟ್ಟು ಮರೆತ ಹಾಗೆ. ಅತ್ತೆಯ ವರದಿಯಲ್ಲೂ ಅದೇ ಇತ್ತು.

ಈ ವರ್ಣತಂತುಗಳ ಕಥೆಯಲ್ಲಿ ಒಬ್ಬ ಹೆಂಗಸಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಷಿಕಾಗೋದ ಜಾನೆಟ್ ರೌಲಿ. ಆಕೆಗೆ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಗಲು ಒಂದು ವರ್ಷ ತಡವಾಯಿತು. ಅರವತ್ತೈದು ಜನರ ತರಗತಿಯಲ್ಲಿ ಹೆಂಗಸರಿಗೆ ಇದ್ದ ಮೂರು ಸ್ಥಾನ ಆಗಲೇ ತುಂಬಿತ್ತಂತೆ. ನಾಲ್ಕು ಗಂಡುಮಕ್ಕಳನ್ನು ಬೆಳೆಸುತ್ತ ವರ್ಷಗಟ್ಟಲೆ ಅರೆಕಾಲಿಕ ಕೆಲಸ ಮಾಡಿದರು. 1972ರಲ್ಲಿ ಲ್ಯುಕೀಮಿಯಾ ರೋಗಿಗಳ ವರ್ಣತಂತುಗಳ ಚಿತ್ರಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತ, ಎರಡು ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಂಡಿರುವುದನ್ನು ಕಂಡುಹಿಡಿದರು. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾಳೆ ಎಂದು ಮಕ್ಕಳು ನಗುತ್ತಿದ್ದರಂತೆ. ಮರುವರ್ಷ ಇನ್ನೊಂದು ಬಗೆಯ ಲ್ಯುಕೀಮಿಯಾದಲ್ಲಿ ಒಂಬತ್ತು ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ಅದಲುಬದಲು ಪ್ರಕಟವಾಯಿತು. ಆ ಬೆರಕೆ ಜೀನ್ ಕೋಶವನ್ನು ಇಮ್ಮಡಿಸುವುದಲ್ಲದೆ ಸಾವನ್ನೂ ತಡೆಯುತ್ತದೆ. 2001ರಲ್ಲಿ ಅದಕ್ಕೊಂದು ಮಾತ್ರೆ ಬಂತು. ರೌಲಿ ತೀರಿಕೊಂಡದ್ದು 2013ರಲ್ಲಿ. ಊಟದ ಮೇಜನ್ನು ಕಂಡಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಈಗ ನನ್ನನ್ನು ಕಾಡಿದ ಪ್ರಶ್ನೆಗೆ ಬರುತ್ತೇನೆ.

ಕೆಲವು ವರ್ಷಗಳ ಕೆಳಗೆ ನಮ್ಮೂರ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಬಂದಿದ್ದ ಅತಿಥಿಯೊಬ್ಬರು ಈ ವಿಷಯವನ್ನೇ ಎತ್ತಿಕೊಂಡರು. ಒಳ್ಳೆಯ ಮಾತುಗಾರರು. "ನಿಮ್ಮ ಮೈಯ ಒಂದೊಂದು ಕಣವೂ ಇಡೀ ದೇಹದ ಹಿತಕ್ಕಾಗಿ ತನ್ನನ್ನು ತಾನೇ ಬಲಿ ಕೊಟ್ಟುಕೊಳ್ಳುತ್ತದೆ. ಬಲಿಯಾಗಲು ಒಪ್ಪದ ಸ್ವಾರ್ಥಿ ಕಣವೇ ಕ್ಯಾನ್ಸರ್. ಗೃಹಿಣಿಯಾದವಳು ಇದರಿಂದ ಪಾಠ ಕಲಿಯಬೇಕು" ಎಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರೂ ಚಪ್ಪಾಳೆ ತಟ್ಟಿದರು. ಅವರ ರಕ್ತದಲ್ಲಿ ಏನಿದೆಯೆಂದು ಭಾಷಣಕಾರರಿಗೆ ಗೊತ್ತಿರಲಿಲ್ಲ, ಪಾಪ.

ಅತಿಥಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ವಿಜ್ಞಾನದ ಪುಸ್ತಕಗಳೇ 'ಕೋಶದ ಆತ್ಮಹತ್ಯೆ', 'ಪರೋಪಕಾರಿ ಸಾವು' ಎಂದೆಲ್ಲ ಬರೆಯುತ್ತವೆ. ತ್ಯಾಗವೆಂಬ ಮಾತು ಹೇಗೋ ಕೊನೆಗೆ ನಮ್ಮ ಸೆರಗಿಗೇ ಬಂದು ಗಂಟುಬೀಳುತ್ತದೆ. ಅಡುಗೆಮನೆಯಲ್ಲಿ ಕೊನೆಗೆ ಉಣ್ಣುವವಳಿಗೆ, ಜ್ವರ ಬಂದರೂ ಹೇಳದವಳಿಗೆ ಈಗ ಜೀವಶಾಸ್ತ್ರದ ಸರ್ಟಿಫಿಕೇಟು ಬೇರೆ!

ನಾನು ಕೇಳುವುದಿಷ್ಟೆ. 'ಆಗುವುದಿಲ್ಲ' ಎನ್ನಲು ಬಾರದವನು ಮಾಡಿದ್ದನ್ನು ತ್ಯಾಗ ಎನ್ನಬಹುದೆ? ಬೆರಳ ನಡುವಿನ ಕೋಶಕ್ಕೆ ಮನಸ್ಸಿಲ್ಲ, ಆಸೆಯಿಲ್ಲ, ನಾಳೆಯ ಯೋಚನೆಯಿಲ್ಲ. ಅದು ಬಲಿಯಾಗಲು ಒಪ್ಪಿದ್ದೂ ಅಲ್ಲ, ಲ್ಯುಕೀಮಿಯಾದ ಕೋಶ ಒಪ್ಪದೆ ಹೋದದ್ದೂ ಅಲ್ಲ. ಒಂದರಲ್ಲಿ ಬರಹ ಸರಿಯಿತ್ತು, ಇನ್ನೊಂದರಲ್ಲಿ ಒಂದು ಸಾಲು ಅಳಿಸಿಹೋಗಿತ್ತು. ಆ ಕೋಶವನ್ನು ಸ್ವಾರ್ಥಿ ಎಂದು ಬೈಯುವುದಾದರೆ ಅದನ್ನು ಹೊತ್ತವಳ ಮೇಲೂ ಒಂದು ಹನಿ ಸಿಡಿಯುತ್ತದೆ. ನಮ್ಮಲ್ಲಿ ಅದು ಸಿಡಿಯದೆ ಇದ್ದದ್ದೇ ಇಲ್ಲ. "ಯಾವ ಜನ್ಮದ ಕರ್ಮವೋ" ಎಂದು ಒಬ್ಬರು, "ಬಾಳಿನ ಆಸೆ ಹೆಚ್ಚಾದರೆ ಹೀಗೇ" ಎಂದು ಇನ್ನೊಬ್ಬರು ಅತ್ತೆಯ ಎದುರಿಗೇ ಅಂದುಹೋದರು.

ಹುಳುವಿನ ವಿಷಯದಲ್ಲೂ ಒಂದು ಮಾತಿದೆ. ಭಾಷಣಗಳಲ್ಲಿ ಅದು ಬರುವುದಿಲ್ಲ. ಜೀನ್ ಕೆಟ್ಟು ಆ 131 ಕೋಶಗಳು ಸಾಯದೆ ಉಳಿದ ಹುಳುವೂ ಹೆಚ್ಚುಕಡಿಮೆ ಉಳಿದ ಹುಳುಗಳಂತೆಯೇ ಬದುಕುತ್ತದೆ! ಪ್ರಕೃತಿಯಲ್ಲಿ ಬಲಿಗಳೆಲ್ಲ ಮಹತ್ಕಾರ್ಯಕ್ಕೇ ನಡೆಯುತ್ತವೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನೊಂದು ವ್ಯತ್ಯಾಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ದೇಹದ ಕೋಶಗಳೆಲ್ಲ ಒಂದೇ ಮೂಲಕೋಶದ ಪಡಿಯಚ್ಚುಗಳು; ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಬರಹ. ಒಂದು ಸತ್ತರೆ ಅದರದೇ ಬರಹ ಪಕ್ಕದಲ್ಲಿ ಉಳಿದಿದೆ. ಸಂಸಾರ ಹಾಗಲ್ಲ. ಅತ್ತೆ ಹೋದರೆ ಅತ್ತೆಯ ಪಡಿಯಚ್ಚು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಅವರ ಅಪ್ಪೆಮಿಡಿ ಉಪ್ಪಿನಕಾಯಿಯ ಹದ, ರಾತ್ರಿ ಎರಡು ಗಂಟೆಗೆ ಎದ್ದು ರೇಡಿಯೊ ತಿರುಗಿಸುವ ಅಭ್ಯಾಸ, ಹತ್ತು ವರ್ಷದವರಿದ್ದಾಗ ತುಂಬಿದ ತುಂಗೆಯಲ್ಲಿ ದೋಣಿ ಮಗುಚಿದ್ದರ ನೆನಪು, ಇವಕ್ಕೆಲ್ಲ ಬೇರೆ ಪ್ರತಿ ಇಲ್ಲ. ಮನೆಯೊಂದು ದೇಹ, ನಾವು ಅದರ ಕಣಗಳು ಎನ್ನುವ ಹೋಲಿಕೆ ಕೇಳಲು ಹಿತವಾಗಿದೆ. ಆದರೆ ಅದು ನಿಜವಲ್ಲ.

2024ರ ಮಳೆಗಾಲದ ಹೊತ್ತಿಗೆ ಅತ್ತೆಗೆ ಸುಸ್ತು ಜಾಸ್ತಿಯಾಯಿತು. ಕತ್ತಿನಲ್ಲಿ ಗಂಟುಗಳು, ಹಿಮೋಗ್ಲೋಬಿನ್ ಎಂಟಕ್ಕಿಳಿದಿತ್ತು. ಕಾಯುವ ಕಾಲ ಮುಗಿಯಿತೆಂದು ಡಾಕ್ಟರು ಹೇಳಿದರು. ವೆನೆಟೋಕ್ಲಾಕ್ಸ್ ಎಂಬ ಮಾತ್ರೆ, ಜೊತೆಗೆ ಆರು ತಿಂಗಳು ಒಂದು ಡ್ರಿಪ್. ಒಟ್ಟು ಒಂದು ವರ್ಷದ ಲೆಕ್ಕ. ಅಮೆರಿಕದಲ್ಲಿ 2016ರಲ್ಲಿ ಮೊದಲು ಒಪ್ಪಿಗೆ ಪಡೆದ ಈ ಮಾತ್ರೆ ನೇರವಾಗಿ ಬಿ.ಸಿ.ಎಲ್.-2ರ ಮೇಲೆಯೇ ಕೂರುತ್ತದೆ. ಅದರ ಹಿಡಿತ ಸಡಿಲಿಸುತ್ತದೆ. ಕೋಶ ತಾನು ಮರೆತಿದ್ದ ಸಾವನ್ನು ತಾನೇ ಸಾಯುತ್ತದೆ. ಹಳೆಯ ಔಷಧಗಳು ಡಿ.ಎನ್.ಎ.ಗೆ ಪೆಟ್ಟು ಕೊಟ್ಟು, ಪಿ-53 ಎಂಬ ಕಾವಲುಗಾರ ಅದನ್ನು ನೋಡಿ ಸಾವಿನ ಆಜ್ಞೆ ಕೊಡಲೆಂದು ಕಾಯಬೇಕಿತ್ತು. ಕಾವಲುಗಾರನೇ ಇಲ್ಲದ ರೋಗಿಗಳಲ್ಲಿ ಅವು ಹೆಚ್ಚು ಕೆಲಸಕ್ಕೆ ಬರುತ್ತಿರಲಿಲ್ಲ. ಇದು ಅವನನ್ನು ದಾಟಿ ಹೋಗುತ್ತದೆ.

ಮಾತ್ರೆಯ ಬೆಲೆ ಕೇಳಿ ಅತ್ತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಹೇಳಿದರು: "ಬೇಡ ಮಾರಾಯ್ತಿ. ಎಪ್ಪತ್ತೈದು ಆಯ್ತು. ಹಣ್ಣೆಲೆ ಉದುರಬೇಕು. ಆ ದುಡ್ಡು ಮೊಮ್ಮಗಳ ಓದಿಗಾಗ್ಲಿ."

ಮಗ ಸುಮ್ಮನಿದ್ದ. ಸೊಸೆ ಕಣ್ಣೊರೆಸಿಕೊಂಡಳು. ಅವರನ್ನು ಕೆಟ್ಟವರೆಂದು ಯಾರೂ ತಿಳಿಯಬೇಡಿ. ಸಾಲವಿದ್ದ ಮನೆ ಅದು.

ಎಪ್ಪತ್ತೈದರ ಹೆಂಗಸು ಸಾಕು ಎನ್ನುವುದು ತಪ್ಪೆಂದು ನಾನು ಹೇಳಲಾರೆ. ಹಾಗೆ ಅರಿತು ಸಾಕೆಂದವರನ್ನು ಕಂಡಿದ್ದೇನೆ; ಅವರ ಮುಂದೆ ತಲೆಬಾಗುತ್ತೇನೆ. ಆದರೆ ಅತ್ತೆ ಹೇಳಿದ್ದು ಅವರ ಮಾತೋ, ಅರವತ್ತು ವರ್ಷ ಅವರ ಕಿವಿಗೆ ಬಿದ್ದ ಮಾತೋ ಎಂಬುದು ನನಗೆ ತಿಳಿಯಬೇಕಾಗಿತ್ತು. ಅದಕ್ಕೇ ಅವತ್ತು ರಾತ್ರಿ ಅವರ ಹಾಸಿಗೆಯ ಪಕ್ಕ ಕೂತು ಕೇಳಿದೆ. "ಅತ್ತೆ, ದುಡ್ಡಿನ ಮಾತು ಬಿಡಿ. ಮದ್ದು ಪುಕ್ಕಟೆ ಸಿಕ್ಕಿದ್ರೆ?"

ಬಹಳ ಹೊತ್ತು ಸುಮ್ಮನಿದ್ದರು.

"ಪುಕ್ಕಟೆ ಸಿಕ್ಕಿದ್ರೆ ಬೇಡ ಅಂತ ಯಾಕೆ ಹೇಳ್ಲಿ?" ಎಂದರು ಕೊನೆಗೆ. "ಆಸೆ ಇಲ್ದೆ ಇರ್ತದಾ? ಆ ಸಂಪಿಗೆ ಗಿಡ ಒಂದು ಸಲವೂ ಹೂ ಬಿಟ್ಟಿಲ್ಲ ಇನ್ನೂ."

ಮರುದಿನ ಬೀರುವಿನಿಂದ ನಾಲ್ಕು ಪಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ತಾಯಿ ಮಾಡಿಸಿಕೊಟ್ಟದ್ದು, ಅವರ ಸ್ವಂತದ್ದು. ಮೊಮ್ಮಗಳ ಮದುವೆಗೆಂದು ಎಲ್ಲರೂ ಎಂದೋ ಮನಸ್ಸಿನಲ್ಲಿ ಎತ್ತಿಟ್ಟಿದ್ದ ಬಳೆಗಳು. "ಬಳೆ ಹೆಚ್ಚಿತು ಅಂತ ಹೇಳು ಅವರಿಗೆ" ಎಂದರು. ಸೊಸೆಯ ಮುಖ ಬಾಡಿದ್ದು ನಿಜ. ಎರಡು ತಿಂಗಳು ನನ್ನ ಜೊತೆ ಮಾತು ಕಡಿಮೆಯಾಯಿತು. ಉಳಿದದ್ದನ್ನು ಮಗ, ನಾನು, ಒಂದಿಷ್ಟು ಅಡಿಕೆ ದುಡ್ಡು ಸೇರಿಸಿ ಹೊಂದಿಸಿದೆವು. ಬಳೆಯಿಲ್ಲದವರು, ಅಡಿಕೆಯಿಲ್ಲದವರು ಏನು ಮಾಡುತ್ತಾರೆ? ಆಸ್ಪತ್ರೆಯ ಬೆಂಚಿನಲ್ಲಿ ಅಂಥವರ ಪಕ್ಕದಲ್ಲೇ ನಾವು ಕೂತಿದ್ದೆವು. ಅವರ ಹಿರಿಯರೂ "ಹಣ್ಣೆಲೆ" ಎಂದೇ ಹೇಳುತ್ತಿದ್ದರು.

ಈ ಮಾತ್ರೆಯನ್ನು ಒಮ್ಮೆಲೇ ಪೂರ್ತಿ ಕೊಡುವುದಿಲ್ಲ. ವರ್ಷಗಟ್ಟಲೆ ಸಾಯದೆ ಕೂತ ಕೋಶಗಳು ಒಟ್ಟಿಗೆ ಸತ್ತರೆ ಅವುಗಳೊಳಗಿನ ಪೊಟ್ಯಾಸಿಯಂ, ಯೂರಿಕ್ ಆಮ್ಲಗಳ ಭಾರಕ್ಕೆ ಮೂತ್ರಪಿಂಡ ಸೋಲುತ್ತದೆ. ಮೊದಮೊದಲ ಪ್ರಯೋಗಗಳಲ್ಲಿ ಕೆಲವು ರೋಗಿಗಳು ಹೀಗೆಯೇ ತೀರಿಕೊಂಡರು. ಆದ್ದರಿಂದ ಮೊದಲ ವಾರ 20 ಮಿಲಿಗ್ರಾಂ, ಆಮೇಲೆ 50, 100, 200, ಐದನೆಯ ವಾರಕ್ಕೆ 400. ಚೊಂಬುಗಟ್ಟಲೆ ನೀರು ಕುಡಿಯಬೇಕು, ಮತ್ತೆ ಮತ್ತೆ ರಕ್ತ ಕೊಡಬೇಕು. ಅತ್ತೆ ಚೊಂಬು ಹಿಡಿದು ಗೊಣಗುತ್ತಿದ್ದರು: "ಇವಕ್ಕೆ ಸಾಯೋಕೂ ಉಪಚಾರ ಬೇಕಲ್ಲೇ!"

ಮೂರು ತಿಂಗಳಲ್ಲಿ ಕಣಗಳ ಲೆಕ್ಕ ಏಳು ಸಾವಿರಕ್ಕಿಳಿಯಿತು. ಈಗ ಒಂಬತ್ತನೆಯ ತಿಂಗಳು ನಡೆಯುತ್ತಿದೆ. ಕೆಲವರಲ್ಲಿ ವರ್ಷಗಳ ಮೇಲೆ ಬಿ.ಸಿ.ಎಲ್.-2ರ ಅಚ್ಚೇ ಸ್ವಲ್ಪ ಬದಲಾಗಿ ಮಾತ್ರೆ ಅಲ್ಲಿ ಕೂರದಂತಾಗುತ್ತದೆಂದು 2019ರ ಹೊತ್ತಿಗೇ ಗೊತ್ತಾಗಿದೆ. ಇದನ್ನು ಅತ್ತೆಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಕಳೆದ ವಾರ ಅವರೇ ಕೇಳಿದರು, ಇದು ತಿರುಗಿ ಬರುತ್ತದಾ ಎಂದು. ಬರಬಹುದು ಎಂದೆ. "ಎಷ್ಟು ವರ್ಷಕ್ಕೆ?" ಎಂದರು. ಹೇಳಲು ಬರುವುದಿಲ್ಲ ಎಂದೆ. ತಲೆಯಾಡಿಸಿ, ಅಪ್ಪೆಮಿಡಿಯನ್ನು ಈ ಸಲ ಎರಡು ಜಾಡಿಗೆ ಹಾಕುವುದೋ ಮೂರಕ್ಕೋ ಎಂದು ಲೆಕ್ಕ ಹಾಕತೊಡಗಿದರು.